ಮಚ್ಚೆ ಉಳಿಸುವ ಅಪ್ಪ

ಬೆಳಗಿನ ಐದು ಗಂಟೆ. ಬೀದಿದೀಪ ಇನ್ನೂ ಆರಿಲ್ಲ, ಹಾಲಿನವನ ಸೈಕಲ್ಲಿನ ಸದ್ದೂ ಇಲ್ಲ. ಎರಡನೇ ಮಹಡಿಯ ಎರಡು ಕೋಣೆಯ ಮನೆಯಲ್ಲಿ, ಅಡುಗೆಮನೆಯ ಕಿಟಕಿಗೆ ಒತ್ತಿ ಹಾಕಿದ ಮೇಜಿನ ಮುಂದೆ ಒಬ್ಬರು ತಮ್ಮ ತಲೆಯನ್ನು ತಾವೇ ಬೋಳಿಸಿಕೊಳ್ಳುತ್ತಿದ್ದಾರೆ. ಗಾಬರಿ ಬೇಡ, ಬೋಳಿಸುತ್ತಿರುವುದು ಕಂಪ್ಯೂಟರಿನ ಪರದೆಯ ಮೇಲೆ. ಮೊದಲು ಕೂದಲು ಹೋಯಿತು, ಆಮೇಲೆ ಕನ್ನಡಕ, ಆಮೇಲೆ ಅಂಗಿಯ ಕಾಲರು. ಉಳಿದಿರುವುದು ಬರೀ ಮುಖ. ಎಡಗಿವಿಯ ಹಾಲೆ ಕೆನ್ನೆಗೆ ಅಂಟಿಕೊಂಡಿದೆ, ಬಲಹುಬ್ಬಿನ ತುದಿ ಮೇಲಕ್ಕೆ ಎದ್ದಿದೆ, ಗಲ್ಲದ ಕೆಳಗೆ ಮೆಣಸಿನ ಕಾಳಿನಷ್ಟು ಮಚ್ಚೆ. ಅದನ್ನು ಹಿಗ್ಗಿಸಿ ನೋಡುತ್ತಾರೆ, ಕುಗ್ಗಿಸಿ ನೋಡುತ್ತಾರೆ, ಎದ್ದು ಎರಡು ಹೆಜ್ಜೆ ಹಿಂದಕ್ಕೆ ಹೋಗಿ ನೋಡುತ್ತಾರೆ. ಪ್ರಿಂಟರು ಕರಕರ ಅನ್ನುತ್ತಾ ಹಾಳೆಯನ್ನು ಹೊರಗೆ ತಳ್ಳುತ್ತದೆ. ಅದನ್ನು ದೀಪಕ್ಕೆ ಹಿಡಿದು, "ಥೂ ಇದರ, ಮತ್ತೆ ನೀಲಿ ಗೆರೆ!" ಎಂದು ಗೊಣಗಿ ಮತ್ತೆ ಕೂರುತ್ತಾರೆ.

ಬೀದಿಯವರಿಗೆ ಇವರು ಟೋಪಿಯಣ್ಣ. ನಾಲ್ಕು ವರ್ಷ ಬಿಸಿಲು, ಮಳೆ, ಮದುವೆಮನೆ ಎನ್ನದೆ ತಲೆಯ ಮೇಲೆ ಒಂದು ಕೆಂಪು ಟೋಪಿ ಇಟ್ಟುಕೊಂಡು ತಿರುಗಿದವರು. ಈಗ ಎರಡು ತಿಂಗಳಿಂದ ಟೋಪಿಯಿಲ್ಲ, ಹೆಸರು ಮಾತ್ರ ಉಳಿದಿದೆ. ಕುಂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಮನುಷ್ಯ. ಮಾತಾಡುವಾಗಲೂ ಕೈಯಲ್ಲೊಂದು ಕತ್ತರಿ ಇರಲೇಬೇಕು, ಅದು ಸಿಗದಿದ್ದರೆ ಅಂಟಿನ ಡಬ್ಬಿಯ ಮುಚ್ಚಳವನ್ನಾದರೂ ತಿರುಗಿಸುತ್ತಿರಬೇಕು.

"ಮಕ್ಕಳಿಗೆ ಆಟದ ಸಾಮಾನು ಮಾಡ್ತೀನಿ ಅಂತ ಬರ್ಕೊಳ್ಳಿ, ಸಾಕು," ಎನ್ನುತ್ತಾರೆ, ಪತ್ರಿಕೆಗೆ ಬರೆಯಲು ಅವರ ಮನೆಗೆ ಹೋದ ಮೊದಲ ದಿನ. "ಮಿಕ್ಕಿದ್ದೆಲ್ಲಾ ಬೇಡ."

ಆ ಮಿಕ್ಕಿದ್ದು ಏನೆಂದರೆ, ಇವರ ಎಂಟು ವರ್ಷದ ಮಗಳಿಗೆ ಮುಖಗಳು ಗುರುತು ಹತ್ತುವುದಿಲ್ಲ. ಕಣ್ಣಿಗೆ ಏನೂ ಆಗಿಲ್ಲ, ಆಕಾಶದಲ್ಲಿ ಹಾರುವ ಹಕ್ಕಿಯ ರೆಕ್ಕೆಯ ಬಣ್ಣ ಹೇಳುತ್ತಾಳೆ. ಬುದ್ಧಿಗಂತೂ ಬರವಿಲ್ಲ, ಮಾತು ಶುರುವಾದರೆ ಅರಳು ಹುರಿದ ಹಾಗೆ. ಆದರೆ ಮುಖ ಎನ್ನುವುದು ಅವಳ ನೆನಪಿನಲ್ಲಿ ನಿಲ್ಲುವುದೇ ಇಲ್ಲ. ಕಣ್ಣು, ಮೂಗು, ಬಾಯಿ ಎಲ್ಲಾ ಕಾಣುತ್ತವೆ. ಅವೆಲ್ಲಾ ಸೇರಿ ಇದು ಅಮ್ಮ, ಇದು ಪಕ್ಕದ ಮನೆಯಾಕೆ ಅಂತ ಆಗುವುದಿಲ್ಲ. ಡಾಕ್ಟರು ಪರೀಕ್ಷೆ ಮಾಡಿ, ಇದಕ್ಕೆ ಮಾತ್ರೆ ಇಲ್ಲ, ಬೇರೆ ಗುರುತುಗಳಿಂದ ಜನರನ್ನು ಹಿಡಿಯುವುದು ಕಲಿಸಿ ಎಂದು ಕಳಿಸಿದ್ದರು.

ಇದು ತಿಳಿದದ್ದು ಅವಳಿಗೆ ನಾಲ್ಕು ವರ್ಷವಿದ್ದಾಗ. ಅಮ್ಮ ಬಸ್ ಕಂಡಕ್ಟರು. ನಿಲ್ದಾಣದಲ್ಲಿ ಒಂದೇ ಸಮವಸ್ತ್ರದ ಹತ್ತಾರು ಕಂಡಕ್ಟರುಗಳ ನಡುವೆ ಮಗು ಇನ್ಯಾರದೋ ಹಿಂದೆ ಹೋಗಿ ಬಸ್ಸು ಹತ್ತಿಬಿಟ್ಟಿತ್ತು. ಮೂರನೇ ಸ್ಟಾಪಿನಲ್ಲಿ ಆ ಕಂಡಕ್ಟರು, "ಯಾರ ಮಗೂನಮ್ಮಾ ನೀನು?" ಎಂದಾಗ ಮಗು, "ನಿನ್ನ ಮಗೂನೇ ಅಲ್ವಾ?" ಎಂದು ಕೇಳಿತಂತೆ. ಈ ಮಾತನ್ನು ಅಮ್ಮ ಈಗ ನಗುತ್ತಾ ಹೇಳುತ್ತಾರೆ. ಅವತ್ತು ಮಾತ್ರ ಜೀವ ಬಾಯಿಗೆ ಬಂದಿತ್ತು.

ಮರುದಿನವೇ ಕೆಂಪು ಟೋಪಿ ಬಂತು. ಮುಖ ಗೊತ್ತಾಗದಿದ್ದರೆ ಟೋಪಿ ಗೊತ್ತಾಗಲಿ! ಮಗಳು ಶಾಲೆಯಿಂದ ಓಡಿ ಬಂದು ಟೋಪಿಯ ಕೆಳಗಿನ ಕೈ ಹಿಡಿಯುತ್ತಿದ್ದಳು. ನಾಲ್ಕು ವರ್ಷ ಎಳ್ಳಷ್ಟೂ ತಪ್ಪಿಲ್ಲ. ಎರಡು ತಿಂಗಳ ಹಿಂದೆ ಊರಿಗೆ ಪಾರ್ಸೆಲ್ ತಲುಪಿಸುವ ಕಂಪನಿಯೊಂದು ಬಂತು, ಬಂದು ತನ್ನ ಕೆಲಸದವರಿಗೆಲ್ಲಾ ಕೆಂಪು ಟೋಪಿ ಹಂಚಿತು. ಅದೇ ವಾರ ಮಗಳು ಶಾಲೆಯ ಗೇಟಿನಲ್ಲಿ ಪಾರ್ಸೆಲ್ಲಿನವನ ಕೈ ಹಿಡಿದುಕೊಂಡು ಬೀದಿಯ ತಿರುವಿನವರೆಗೆ ನಡೆದಿದ್ದಳು. ಅವನು ಒಳ್ಳೆಯವನು, ಕರೆತಂದು ಒಪ್ಪಿಸಿದ. "ಒಳ್ಳೆಯವನಲ್ಲದೆ ಇದ್ದಿದ್ರೆ?" ಎನ್ನುತ್ತಾರೆ ಟೋಪಿಯಣ್ಣ. ಎದ್ದು ಹೋಗಿ ಸುಮ್ಮನೆ ನಲ್ಲಿ ತಿರುಗಿಸಿ, ಮತ್ತೆ ನಿಲ್ಲಿಸಿ ಬರುತ್ತಾರೆ.

ಈಗ ಇವರ ಹೊಟ್ಟೆಪಾಡಿನ ಕೆಲಸ ಕೇಳಿ. ದೊಡ್ಡ ರಸ್ತೆಯ ಫೋಟೋ ಸ್ಟುಡಿಯೋದಲ್ಲಿ ಹದಿನೇಳು ವರ್ಷದಿಂದ ಟಚಪ್ ಮಾಡುತ್ತಾರೆ. ಅಂದರೆ ಮಚ್ಚೆ ಅಳಿಸುವುದು, ಕಲೆ ತೆಗೆಯುವುದು, ಕಣ್ಣಿನ ಕೆಳಗಿನ ಕಪ್ಪು ಒರೆಸುವುದು. ದಿನಕ್ಕೆ ನಲವತ್ತರಿಂದ ಐವತ್ತು ಮುಖ. ಒಂದು ಮಚ್ಚೆಗೆ ಮೂರು ಕ್ಲಿಕ್ಕು ಸಾಕು, ಇವರು ಕಣ್ಣು ಮುಚ್ಚಿಕೊಂಡೂ ಮಾಡಬಲ್ಲರು. ಆ ಮುಖಗಳನ್ನು ಮನೆಗೊಯ್ದು ಗೋಡೆಗೆ ತೂಗುಹಾಕುವವರಲ್ಲಿ ಒಬ್ಬರಿಗೂ ಈ ಮನುಷ್ಯ ಯಾರೆಂದು ಗೊತ್ತಿಲ್ಲ. ಫೋಟೋ ಚೆನ್ನಾಗಿ ಬಂದರೆ ಹೊಗಳಿಕೆ ಕ್ಯಾಮೆರಾಗೆ ಹೋಗುತ್ತದೆ.

"ಊರಿಗೆಲ್ಲಾ ಟೋಪಿ ಹಾಕೋರನ್ನ ಬೇಕಾದಷ್ಟು ನೋಡಿದೀನಿ," ಎನ್ನುತ್ತಾರೆ ಸ್ಟುಡಿಯೋ ಮಾಲೀಕರು. "ತನಗೆ ತಾನೇ ಹಾಕ್ಕೊಂಡು ನಾಲ್ಕು ವರ್ಷ ಕೂತಿದ್ದೋನು ಇವನೊಬ್ಬನೇ. ಯಾಕಯ್ಯಾ ಅಂದ್ರೆ ತಲೆ ಶೀತ ಅಂತಿದ್ದ. ನಾನೂ ನಂಬಿದ್ದೆ."

ಹೌದು, ಮಾಲೀಕರಿಗೂ ಹೇಳಿಲ್ಲ. ನೆರೆಯವರಿಗೆ ಹೇಳಿಲ್ಲ, ಸ್ವಂತ ಅಕ್ಕನಿಗೂ ಹೇಳಿಲ್ಲ. ಆ ಅಕ್ಕ ಮನೆಗೆ ಬಂದಾಗ ಮಗು ಮಾತಾಡಿಸದೆ ನಿಂತಿದ್ದಕ್ಕೆ, "ನಿನ್ನ ಮಗಳಿಗೆ ಎಷ್ಟು ಸೊಕ್ಕೋ!" ಎಂದು ಮುಖ ಊದಿಸಿಕೊಂಡು ಹೋದರು. ಇವರು ಆಗಲೂ ಕಾರಣ ಹೇಳಲಿಲ್ಲ. ಗಂಡ ಹೆಂಡತಿಗೆ ಜಗಳ ಅಂತಾದರೆ ಇದೊಂದಕ್ಕೇ. "ಹೇಳಿಬಿಡೋಣ ರೀ, ಕದ್ದ ಮಾಲೇನಲ್ವಲ್ಲ" ಎಂದು ಅವರು. "ಹೇಳಿದ್ರೆ ಮೊದ್ಲು ಅಯ್ಯೋ ಪಾಪ ಅಂತಾರೆ, ಆಮೇಲೆ ಆಡ್ಕೋತಾರೆ, ಬೇಡ ಕಣೇ" ಎಂದು ಇವರು. ಮಗಳು ಅಲ್ಲೇ ಕೂತು ಬಣ್ಣದ ಪೆನ್ಸಿಲು ಹರಿತ ಮಾಡುತ್ತಾ ಎಲ್ಲವನ್ನೂ ಕೇಳಿಸಿಕೊಂಡಿದ್ದಾಳೆ.

ಹೊರಗೆ ಹೇಳುವಂತಿಲ್ಲ ಎಂದಮೇಲೆ ಉಳಿದದ್ದು ಈ ಮೇಜು. ಬೂಟಿನ ಡಬ್ಬದ ರಟ್ಟನ್ನು ಅಂಗೈಯಗಲ ಕತ್ತರಿಸಿ, ಒಂದು ಕಡೆ ಕೂದಲಿಲ್ಲದ, ಬಟ್ಟೆಯಿಲ್ಲದ ಮುಖ ಅಂಟಿಸುತ್ತಾರೆ. ಹಿಂದೆ ಆ ಮುಖದ ಮೂರು ಗುರುತು ಬರೆಯುತ್ತಾರೆ. ತರಕಾರಿ ಅಂಗಡಿಯಾಕೆಗೆ ಹಲ್ಲಿನ ಸಂದು, ಶಾಲೆಯ ಆಯಾಗೆ ಮೂಗಿನ ಮೇಲಿನ ಗೀರು. ಕೂದಲು, ಕನ್ನಡಕ, ಸ್ವೆಟರು ಯಾಕಿಲ್ಲ? ಅವು ದಿನಕ್ಕೊಂದು ಥರ, ನಂಬುವಂತಿಲ್ಲ. ಒಂದು ಕಾರ್ಡಿಗೆ ನಲವತ್ತು ನಿಮಿಷ, ಇಲ್ಲಿಯವರೆಗೆ ಇನ್ನೂರ ಹನ್ನೆರಡು ಕಾರ್ಡು. ಇದು ಸಾಲದೆಂದು ಹಳೆಯ ಕ್ಯಾಲೆಂಡರಿನ ಸುರುಳಿ ತಂತಿಗೆ ಪೋಣಿಸಿ ಒಂದು ಪುಸ್ತಕ ಮಾಡಿದ್ದಾರೆ. ಪ್ರತಿ ಹಾಳೆಯನ್ನೂ ಅಡ್ಡ ಮೂರು ಪಟ್ಟಿ ಕತ್ತರಿಸಿದ್ದು, ಮೇಲಿನ ಪಟ್ಟಿ ಮಗುಚಿದರೆ ಕೂದಲು ಬದಲಾಗುತ್ತದೆ, ಕೆಳಗಿನದು ಮಗುಚಿದರೆ ಗಡ್ಡ ಬರುತ್ತದೆ, ನಡುವಿನ ಅಮ್ಮ ಮಾತ್ರ ಅಮ್ಮನೇ. ಗಡ್ಡದ ಅಮ್ಮ ಬಂದಾಗಲೆಲ್ಲಾ ಮಗಳು ಬಿದ್ದು ಬಿದ್ದು ನಗುತ್ತಾಳೆ.

ಮೊದಲ ಕಾರ್ಡೇ ಎಡವಟ್ಟಾಗಿತ್ತು. ಹೆಂಡತಿಯ ಫೋಟೋ ತೆಗೆದು, ರಾತ್ರಿಯೆಲ್ಲಾ ನಿದ್ದೆ ಬರದೆ, ಬೆಳಗ್ಗೆ ಎದ್ದು ಕಾರ್ಡು ಮಾಡಿ ಮಗಳ ಮುಂದೆ ಹಿಡಿದರು. ಮಗಳು ತಿರುಗಿಸಿ ಮುರುಗಿಸಿ ನೋಡಿ, "ಈ ಆಂಟಿ ಯಾರಪ್ಪಾ?" ಎಂದಳು. ಇವರು ಕಣ್ಣುಜ್ಜಿಕೊಂಡು ನೋಡಿದರೆ, ಹದಿನೇಳು ವರ್ಷದ ಕೈಚಾಳಿ ಬಿಡಬೇಕಲ್ಲ! ಹೆಂಡತಿಯ ಹುಬ್ಬಿನ ಮೇಲಿನ ಹೊಲಿಗೆಯ ಕಲೆ, ಕೆನ್ನೆಯ ಎರಡು ಮಚ್ಚೆ, ಎಲ್ಲವನ್ನೂ ತಮಗರಿವಿಲ್ಲದೆಯೇ ಒರೆಸಿಹಾಕಿದ್ದರು. ಮಗಳು ಅಮ್ಮನನ್ನು ಹಿಡಿಯುತ್ತಿದ್ದುದೇ ಆ ಕಲೆಯಿಂದ.

"ಮದುವೆ ಆದಾಗಿಂದ ನನ್ನ ಮುಖ ಒಂದ್ ಸಲಾನೂ ಸರಿಯಾಗಿ ನೋಡಿಲ್ಲ ಅಂತ ಅವತ್ತು ಗೊತ್ತಾಯ್ತು ಬಿಡಿ," ಎಂದು ಹೆಂಡತಿ ಚೀಲ ಹೆಗಲಿಗೇರಿಸುತ್ತಾ ಹೇಳುತ್ತಾರೆ. ಐದು ನಲವತ್ತಕ್ಕೆ ಅವರ ಮೊದಲ ಬಸ್ಸು.

"ನೋಡಿದ್ದೆ ಕಣೇ. ಅಳಿಸೋಕೆ ಮಾತ್ರ ಕಲ್ತಿದ್ದೆ, ನಾನೇನ್ ಮಾಡ್ಲಿ," ಎಂದು ಇವರು ಪೆಚ್ಚುಪೆಚ್ಚಾಗಿ ನಗುತ್ತಾರೆ. ಈಗ ಮನೆಯ ಕಂಪ್ಯೂಟರಿನಲ್ಲಿ ಕಲೆ ಒರೆಸುವ ಆ ಬ್ರಷ್ಷನ್ನೇ ತೆಗೆದುಹಾಕಿದ್ದಾರೆ. ಸ್ಟುಡಿಯೋದಲ್ಲಿ ಅಳಿಸಿಕೊಂಡು ಬಂದ ಬೆರಳು ಇಲ್ಲಿ ಪ್ರತಿ ಮಚ್ಚೆಯ ಮುಂದೆಯೂ ತಡವರಿಸುತ್ತದೆ.

ಇಷ್ಟೆಲ್ಲಾ ಧಾವಂತ ಯಾಕೆಂದರೆ, ಬರುವ ಸೋಮವಾರ ಮಗಳಿಗೆ ಹೊಸ ಶಾಲೆ. ದೊಡ್ಡ ಶಾಲೆ. ಬಿಡುವ ಹೊತ್ತಿಗೆ ಗೇಟಿನಲ್ಲಿ ನೂರಾರು ಜನ. ಆ ಗುಂಪಿನಲ್ಲಿ, ಟೋಪಿಯಿಲ್ಲದ ಅಪ್ಪನನ್ನು ಅವಳು ತಾನೇ ಹುಡುಕಿಕೊಳ್ಳಬೇಕು. ಕೂಗಿ ಕರೆಯಬಹುದಲ್ಲ ಎಂದರೆ, ಹಾಗೆ ಕರೆದವರ ಹಿಂದೆಲ್ಲಾ ಹೋಗುವುದನ್ನೇ ಅವಳು ಕಲಿತುಬಿಟ್ಟರೆ ಎಂದು ಡಾಕ್ಟರು ಹೆದರಿಸಿದ್ದಾರೆ. ಕಾರ್ಡಿನಲ್ಲಿ ಅಪ್ಪನನ್ನು ಹತ್ತಕ್ಕೆ ಹತ್ತು ಸಲ ಹಿಡಿಯುತ್ತಾಳೆ. ಸಂತೆಯಲ್ಲಿ ಐದು ಸಲ ಪ್ರಯತ್ನಿಸಿದರು. ಎರಡು ಸಲ ಹಿಡಿದಳು, ಮೂರು ಸಲ ಇವರ ಪಕ್ಕದಲ್ಲೇ ದಾಟಿ ಹೋದಳು. "ಅವಳು ನನ್ನನ್ನ ನೋಡ್ಕೊಂಡೇ ಹೋದ್ಲು," ಎನ್ನುತ್ತಾರೆ. "ಗೋಡೆ ನೋಡಿದ ಹಾಗೆ. ಹೊಟ್ಟೆ ಉರೀತು. ಅವಳ ಮೇಲಲ್ಲ, ನನ್ನ ಮೇಲೆ."

ಆರೂವರೆಗೆ ಮಗಳು ಎದ್ದು, ಹಲ್ಲುಜ್ಜುವ ಮೊದಲೇ ಮೇಜಿಗೆ ಬರುತ್ತಾಳೆ. ಅವತ್ತಿನ ಹತ್ತು ಕಾರ್ಡು. ಏಳು ಸರಿ.

"ಅಪ್ಪಾ, ಕಾರ್ಡು ಚೆನ್ನಾಗಿದೆ. ಆದ್ರೆ ಕಾರ್ಡು ಅಲ್ಲಾಡಲ್ಲ, ಜನ ಅಲ್ಲಾಡ್ತಾರೆ."

"ಅದಕ್ಕೇನ್ ಮಾಡೋದು ಪುಟ್ಟಾ?"

"ನೀನು ಮೊದ್ಲು ಕೂತ್ಕೋ. ನೀನೇ ಜಾಸ್ತಿ ಅಲ್ಲಾಡೋದು."

ಭಾನುವಾರ ಅಪ್ಪ ಮೇಜು ಬಿಟ್ಟು ಏಳಲೇ ಇಲ್ಲ. ತಮ್ಮದೇ ಮುಖದ ಹದಿನಾಲ್ಕು ಕಾರ್ಡು ಮಾಡಿದರು. ಎಡಪಕ್ಕ, ಬಲಪಕ್ಕ, ಬಿಸಿಲಿನಲ್ಲಿ ಕಣ್ಣು ಕಿರಿದಾಗಿಸಿದ್ದು, ನಗುತ್ತಿರುವುದು, ಕೆಮ್ಮುತ್ತಿರುವುದು. ಹೊಸ ಶಾಲೆಯ ಟೀಚರಿಗೊಂದು ಪತ್ರ ಬರೆಯುವಂತೆ ಹೆಂಡತಿ ಕಾಗದ, ಪೆನ್ನು ತಂದು ಪಕ್ಕದಲ್ಲಿಟ್ಟರೆ, ಆ ಕಾಗದದ ಮೇಲೂ ಕಿವಿಯ ಹಾಲೆಯ ಚಿತ್ರ ಬರೆದಿಟ್ಟರು!

ಸೋಮವಾರ ಮಧ್ಯಾಹ್ನ ಮೂರೂವರೆ. ಸ್ಟುಡಿಯೋಗೆ ಅರ್ಧ ದಿನ ರಜೆ. ಇವರು ಮೂರಕ್ಕೇ ಬಂದು ಗೇಟಿನೆದುರು ಜಾಗ ಹಿಡಿದಿದ್ದಾರೆ, ಹಿಡಿದ ಜಾಗವನ್ನು ಆರು ಸಲ ಬದಲಿಸಿದ್ದಾರೆ. ಮೈಮೇಲೆ ಇರುವೆ ಬಿಟ್ಟುಕೊಂಡವರ ಹಾಗೆ ಒದ್ದಾಟ. ಫೋನಿನಲ್ಲಿ ಹೆಂಡತಿ, ಸ್ಟಾಪಿಗೊಂದು ಸಲ. "ಬಂದ್ಲಾ?" "ಇನ್ನೂ ಇಲ್ಲ." "ಈಗ?" "ಬೆಲ್ಲೇ ಹೊಡೆದಿಲ್ಲ ಕಣೇ, ನೀನ್ ಟಿಕೆಟ್ ಕೊಡು ಹೋಗು!"

ಬೆಲ್ಲು ಹೊಡೆಯಿತು. ಮಕ್ಕಳು ದಬದಬನೆ ಹೊರಬಂದು ಒಬ್ಬೊಬ್ಬರೂ ತಮ್ಮ ತಮ್ಮವರ ತೋಳಿಗೆ ಬಿದ್ದರು. ಅದೊಂದು ದೊಡ್ಡ ವಿಷಯ ಎಂದು ಅವರಲ್ಲಿ ಯಾರಿಗೂ ಅನ್ನಿಸಿದಂತಿಲ್ಲ. ಕೊನೆಗೆ ಮಗಳು ಬಂದು ಮೆಟ್ಟಿಲ ಮೇಲೆ ನಿಂತಳು. ಈ ತುದಿಯಿಂದ ಆ ತುದಿಗೆ ನೋಡಿದಳು. ಅಪ್ಪನ ಮುಖದ ಮೇಲೂ ಅವಳ ಕಣ್ಣು ಹಾದುಹೋಯಿತು, ನಿಲ್ಲಲಿಲ್ಲ. ಅಪ್ಪನದೇ ಥರದ ಚೌಕುಳಿ ಅಂಗಿಯ ಇನ್ಯಾರೋ ಒಬ್ಬರ ಕಡೆಗೆ ಎರಡು ಹೆಜ್ಜೆ ಇಟ್ಟಳು. ಇವರು ಒಂದು ಹೆಜ್ಜೆ ಮುಂದಿಟ್ಟರು. ಕೂಗಲೇ? ತುಟಿ ಕಚ್ಚಿ ಹಿಡಿದರು. ಮಗಳು ಆ ಅಂಗಿಯವರ ಕಿವಿಯನ್ನು ನೋಡಿ ಹಿಂದಕ್ಕೆ ಸರಿದಳು. ವಾಪಸ್ಸು ಮೆಟ್ಟಿಲು ಹತ್ತಿದಳು. ಆಮೇಲೆ, ಬಾಯಿಯ ಎರಡೂ ಕಡೆ ಕೈಯಿಟ್ಟುಕೊಂಡು, ಗೇಟಿನಾಚೆಯ ಆಟೋದವರಿಗೂ ಕೇಳುವ ಹಾಗೆ ಕೂಗಿದಳು:

"ಎಲ್ಲರೂ ಸ್ವಲ್ಪ ಕೇಳಿ! ನಂಗೆ ಮುಖ ಗೊತ್ತಾಗಲ್ಲ. ಕಣ್ಣು ಚೆನ್ನಾಗಿದೆ, ಮುಖ ಮಾತ್ರ ಗೊತ್ತಾಗಲ್ಲ. ಇದ್ರಲ್ಲಿ ನಮ್ಮಪ್ಪ ಯಾರು? ಕೈ ಎತ್ತಿ!"

ಯಾರೋ ಒಬ್ಬಾಕೆ "ಅಯ್ಯೋ ಪಾಪ" ಎಂದರು. ಇನ್ಯಾರೋ, "ಯಾರ್ರೀ ಅದು ಅಪ್ಪ, ಬೇಗ ಎತ್ರೀ, ಮಗು ಕಾಯ್ತಿದೆ" ಎಂದರು. ಜನ ಅತ್ತಿತ್ತ ತಿರುಗಿ ನೋಡಿದರು. ನಾಲ್ಕು ವರ್ಷ ಹಲ್ಲು ಕಚ್ಚಿ ಮುಚ್ಚಿಟ್ಟಿದ್ದನ್ನು ಅವಳು ನಾಲ್ಕು ಮಾತಿನಲ್ಲಿ ಊರಿಗೆಲ್ಲಾ ಹೇಳಿಬಿಟ್ಟಿದ್ದಳು. ಇವರ ಕೈ ಏಳಲಿಲ್ಲ. ನಾಚಿಕೆಯೋ, ಭಯವೋ, ಕಣ್ಣು ಮಂಜಾಗಿತ್ತೋ, ಆಮೇಲೆ ಕೇಳಿದರೂ ಅವರಿಗೆ ಹೇಳಲಾಗಲಿಲ್ಲ. ಮೆಟ್ಟಿಲ ಮೇಲೆ ಅವಳು ಕಾಯುತ್ತಲೇ ಇದ್ದಳು. ಕೊನೆಗೆ ಕೈ ಎದ್ದಿತು.

ಮಗಳು ಓಡಿ ಬರಲಿಲ್ಲ, ನಡೆದು ಬಂದಳು. "ಬಗ್ಗು" ಎಂದಳು. ಬಗ್ಗಿದರು. ಕಿವಿಯ ಹಾಲೆ ಮುಟ್ಟಿದಳು, ಹುಬ್ಬಿನ ತುದಿ ನೋಡಿದಳು, ಗಲ್ಲವನ್ನೆತ್ತಿ ಮಚ್ಚೆಯ ಮೇಲೆ ಬೆರಳಿಟ್ಟಳು. "ಸರಿ, ನೀನೇ," ಎಂದು ಕೈಗೆ ಚೀಲ ಕೊಟ್ಟಳು.

ಮಂಗಳವಾರ ಬೆಳಿಗ್ಗೆ ಟೋಪಿಯಣ್ಣ ಮತ್ತೆ ಅದೇ ಮೇಜಿನಲ್ಲಿದ್ದಾರೆ. ಶಾಲೆಯ ಗೇಟಿನಲ್ಲಿ ಮಗಳಿಂದ ಕಾರ್ಡಿನ ವಿಷಯ ಕೇಳಿ ತಿಳಿದ ಒಬ್ಬ ತಾಯಿ ಹಿಂದಿನ ಸಂಜೆಯೇ ಮನೆ ಹುಡುಕಿಕೊಂಡು ಬಂದು, ತಮ್ಮ ಮರೆವಿನ ಅಜ್ಜಿಗೂ ಇಂಥ ಕಾರ್ಡು ಆಗುತ್ತಾ ಎಂದು ಕೇಳಿ ಹೋಗಿದ್ದಾರೆ. ರಟ್ಟು ಕತ್ತರಿಸುತ್ತಾ, "ಈಗ ಎಲ್ಲಾ ಬರ್ಕೊಳ್ಳಿ," ಎನ್ನುತ್ತಾರೆ, "ಮುಚ್ಚಿಡೋಕೆ ಇನ್ನೇನೂ ಉಳಿದಿಲ್ಲ." ನಾಲ್ಕು ವರ್ಷ ಮಗಳಿಗೋಸ್ಕರ ಇಷ್ಟು ಮಾಡಿದಿರಲ್ಲ ಎಂದರೆ ಕತ್ತರಿ ನಿಲ್ಲುತ್ತದೆ. ಮೊದಲ ಸಲ ಎರಡೂ ಕೈ ಸುಮ್ಮನೆ ಮೇಜಿನ ಮೇಲೆ ಕೂರುತ್ತವೆ.

"ಮಾಡಿದ್ದೆಲ್ಲಾ ಅವಳೇ. ನಂದು ಕೈ ಎತ್ತೋದು ಅಷ್ಟೇ ಇತ್ತು. ಸ್ವಲ್ಪ ತಡ ಆಯ್ತು, ಆದ್ರೂ ಎತ್ತಿದೆ."