ಮುನಿಶಾಮಪ್ಪನ ಬೋರ್ಡಿಗೆ ಯಾವ ಬಣ್ಣ

ನನ್ನದು ಮುಂಗೋಪ. ದೇವನಹಳ್ಳಿ ಬಸ್ ಸ್ಟ್ಯಾಂಡಿನ ಹಿಂದೆ ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಪಿಳ್ಳಣ್ಣ ಎಂದರೆ ಜನ ಮೊದಲು ಹೇಳುತ್ತಿದ್ದುದೇ ಅದನ್ನು. ಕೆಲಸ ಚೆನ್ನಾಗಿ ಮಾಡುತ್ತಾನೆ ಎನ್ನುವ ಮಾತು ಆಮೇಲೆ ಬರುತ್ತಿತ್ತು. ಸುಟ್ಟ ಮೋಟರು ಹೊತ್ತು ತಂದವರಿಗೆ ನಾಲ್ಕು ಮಾತು ಬೈಯದೆ ನಾನು ಒಂದು ಸುತ್ತು ತಂತಿಯನ್ನೂ ಬಿಚ್ಚಿದವನಲ್ಲ. ಕೆಲವರು ತಿರುಗಿ ಬೈಯುತ್ತಿದ್ದರು, ಕೆಲವರು ನಗುತ್ತಿದ್ದರು. ಎಷ್ಟು ಬೈದರೂ ಮುಖ ಕೂಡ ಕದಲಿಸದೆ ನಿಂತವನು ಕುಂದಾಣದ ಕಡೆಯ ಮುನಿಶಾಮಪ್ಪ ಒಬ್ಬನೇ.

ಅವನು ಮೊದಲಿನಿಂದ ಹಾಗಿರಲಿಲ್ಲ. ಅರವತ್ತಾರರಲ್ಲಿ ಅವರೂರಿಗೆ ಕರೆಂಟು ಬಂದಾಗ ಮೊದಲು ಮೋಟರು ಕೂರಿಸಿಕೊಂಡವನೇ ಅವನು. ಅಲ್ಲಿಯವರೆಗೆ ತೊಗಲಿನ ಚೀಲದಲ್ಲಿ ಬಾವಿಯಿಂದ ನೀರೆತ್ತುವ ಕಪಿಲೆ. ಎತ್ತುಗಳ ಹಿಂದೆ ಇಪ್ಪತ್ತು ವರ್ಷ ಹಿಂದಕ್ಕೂ ಮುಂದಕ್ಕೂ ನಡೆದವನು, ಮೊದಲ ದಿನ ಪೈಪಿನಲ್ಲಿ ನೀರು ಬಿದ್ದಾಗ ಅದರ ಕೆಳಗೆ ತಲೆ ಒಡ್ಡಿ ಕೂತು, "ಇನ್ನು ನಡೆಯೋ ಕೆಲಸ ಮುಗೀತು ಕಣೇ" ಎಂದು ಹೆಂಡತಿಯನ್ನು ಕೂಗಿ ಕರೆದಿದ್ದ. ಅವನಿಗೆ ಮೋಟರ್ ಮನೆಯ ವೈರಿಂಗ್ ಮಾಡಿಕೊಟ್ಟವನು ನಾನೇ. ಗೋಡೆಗೆ ಎರಡು ಗೇಣು ಅಗಲದ ಒಂದು ತಗಡಿನ ಬೋರ್ಡು, ಅದರ ಮೇಲೆ ಸ್ವಿಚ್ಚು, ಸ್ಟಾರ್ಟರು, ಮೂರು ಫ್ಯೂಸು. ಬೋರ್ಡಿನಿಂದ ಒಂದು ತಂತಿ ಹೊರಗಿನ ಅರ್ತಿಂಗ್ ಗುಂಡಿಗೆ ಹೋಗುತ್ತಿತ್ತು. ಇದ್ದಿಲು, ಉಪ್ಪು ತುಂಬಿ ನಡುವೆ ಕಬ್ಬಿಣದ ಪೈಪು ಹೂತ ಗುಂಡಿ ಅದು. ತಗಡಿಗೆ ಕರೆಂಟು ಸೋರಿದರೆ ಆ ದಾರಿಯಲ್ಲಿ ಮಣ್ಣಿಗೆ ಇಳಿದುಹೋಗಬೇಕು.

"ಈ ಗುಂಡಿ ಒಣಗಬಾರದು, ದಿನಾ ಒಂದು ಕೊಡ ನೀರು ಹುಯ್ಯಬೇಕು" ಎಂದು ಗದರಿಸಿಯೇ ಹೇಳಿದ್ದೆ. ಮುನಿಶಾಮಪ್ಪ ತಲೆಯಾಡಿಸಿ ಅಲ್ಲೇ ಮರೆತ. ಕೇಳಿಸಿಕೊಂಡವಳು ಅವನ ಹೆಂಡತಿ ಸೊಣ್ಣಮ್ಮ. ತುಳಸಿಗೆ ಹುಯ್ದ ಮೇಲೆ ಒಂದು ಕೊಡ ತಂದು ಅಲ್ಲಿಗೂ ಹುಯ್ಯುತ್ತಿದ್ದಳು. ಶುಕ್ರವಾರ ಬಂದರೆ ಬೋರ್ಡನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊಸ್ತಿಲಿಗೆ ಇಡುವ ಹಾಗೆ ಅರಿಸಿನ ಕುಂಕುಮ ಇಡುವಳು. ಕುಂಕುಮ ಉದುರದಿರಲೆಂದು ಹರಳೆಣ್ಣೆಯಲ್ಲಿ ಕಲಸುತ್ತಿದ್ದಳು. "ಒದ್ದೆ ಕೈ ತಗಡಿಗೆ ತಗಲಿಸಬೇಡಮ್ಮ" ಎಂದು ನಾನು ಎಗರಾಡಿದರೆ, "ನೀರು ಕೊಡೋ ತಾಯಿ ಕಣಪ್ಪ, ನಮ್ಮನ್ನೇನು ಮಾಡ್ತಾಳೆ" ಅನ್ನುವಳು. ಏಳು ವರ್ಷ ಅದು ಏನೂ ಮಾಡಲಿಲ್ಲ. ಯಾಕೆ ಮಾಡಲಿಲ್ಲ ಎಂದು ನಾನು ಆಗ ಯೋಚಿಸಲಿಲ್ಲ.

ಎಪ್ಪತ್ಮೂರರ ಮಳೆಗಾಲದಲ್ಲಿ ಸೊಣ್ಣಮ್ಮ ಕಾಮಾಲೆಯಾಗಿ ಹದಿನೈದೇ ದಿನಕ್ಕೆ ಹೋಗಿಬಿಟ್ಟಳು. ತಿಥಿಗೆ ಹೋಗಿದ್ದೆ. ಮುನಿಶಾಮಪ್ಪ ಬಂದವರಿಗೆಲ್ಲ ಎಲೆ ಹಾಕಿಸಿ, ನೀರು ಕೊಡಿಸಿ, ಬೇರೆ ಯಾರದೋ ಮನೆಯ ಕೆಲಸಕ್ಕೆ ಬಂದವನ ಹಾಗೆ ಓಡಾಡುತ್ತಿದ್ದ. ಒಂದು ಹನಿ ಕಣ್ಣೀರು ಹಾಕಲಿಲ್ಲ. ಎಂಥ ಕಲ್ಲುಮನಸ್ಸು ಎಂದು ನಾನೂ ಅಂದುಕೊಂಡೆ. ಆ ಮಾತಿಗೆ ಈಗಲೂ ನಾಚಿಕೆಯಾಗುತ್ತದೆ.

ಐದಾರು ತಿಂಗಳು ಕಳೆದು, ಬಿಸಿಲು ಏರುತ್ತಿದ್ದಾಗ ಅಂಗಡಿಗೆ ಬಂದ.

"ಪಿಳ್ಳಣ್ಣ, ಕರೆಂಟು ಹಿಡೀದೇ ಇರೋ ಪೇಂಟು ಬೇಕಿತ್ತು."

"ಯಾತಕ್ಕೆ?"

"ಬೋರ್ಡಿಗೆ. ಹೋದ ಶುಕ್ರವಾರ ಸೊಸೇಗೆ ಹೊಡೀತು. ಕುಂಕುಮ ಇಡೋಕೆ ಹೋಗಿದ್ಲು. ಗೋಡೆವರೆಗೂ ಎಸೀತು."

ಬೆಳಿಗ್ಗೆ ಏನು ತಿಂದೆ ಎಂದು ಕೇಳಿದ್ದಕ್ಕೆ ಉತ್ತರ ಕೊಟ್ಟ ಹಾಗೆ ಹೇಳಿದ. ನಾನು ರೇಗಿದೆ. ಬೋರ್ಡಿಗೆ ಪೂಜೆ ಮಾಡಬೇಡಿ ಎಂದು ಏಳು ವರ್ಷದಿಂದ ಬಡಿದುಕೊಂಡಿದ್ದೆನಲ್ಲ ಎಂದು ಕೂಗಾಡಿದೆ. "ಪೂಜೆ ಬಿಡು ಅಂತ ಹೇಳೋಕಾಗಲ್ಲ. ಅವಳ ಅತ್ತೆ ಮಾಡ್ತಿದ್ಲು" ಎಂದಷ್ಟೇ ಅವನು ಅಂದ.

ಕೋಪ ಬಂದರೂ ಕೆಲಸ ಕೆಲಸವೇ. ನಾಲ್ಕು ತಗಡಿನ ಚೂರು ಕತ್ತರಿಸಿ ಒಂದೊಂದಕ್ಕೂ ಒಂದೊಂದು ಬಣ್ಣ ಬಳಿದು ಒಣಗಿಸಿದೆ. ಎರಡು ದಿನ ಬಿಟ್ಟು ಅವನು ಬಂದಾಗ ಮೆಗ್ಗರ್ ತೆಗೆದೆ. ಹಿಡಿ ತಿರುಗಿಸಿದರೆ ಕರೆಂಟು ಎಷ್ಟು ಸೋರುತ್ತದೆಂದು ಮುಳ್ಳು ತೋರಿಸುವ ಪೆಟ್ಟಿಗೆ ಅದು; ಸೋರುವುದು ಕಡಿಮೆಯಾದಷ್ಟೂ ಮುಳ್ಳು ಮೇಲೇರುತ್ತದೆ. ಗೇಟು ಕಿಟಕಿಗಳಿಗೆ ಬಳಿಯುವ ಸಿಲ್ವರ್ ಪೇಂಟಿಗೆ ಮುಳ್ಳು ಬಿದ್ದೇಹೋಯಿತು. ಅದರಲ್ಲಿ ಇರುವುದೇ ಅಲ್ಯೂಮಿನಿಯಂ ಪುಡಿ. ಸ್ಕೂಲಿನ ಬೋರ್ಡಿಗೆ ಬಳಿಯುವ ಕರಿ ಬಣ್ಣ ಅಷ್ಟಕ್ಕಷ್ಟೆ. ಎನಾಮೆಲ್ ಪರವಾಗಿಲ್ಲ. ನಾವು ಮೋಟರಿನ ಸುರುಳಿಗೆ ಹಾಕುವ ಕೆಂಪು ವಾರ್ನಿಷ್ಷಿಗೆ ಮುಳ್ಳು ಏರಿ ಕೊನೆಗೆ ಹೋಗಿ ನಿಂತಿತು.

"ಇದೇ. ಎರಡು ಕೋಟು, ಎರಡು ದಿನ ಬಿಸಿಲು. ಆದರೆ ಮೊದಲು ತಗಡನ್ನ ಉಪ್ಪುಕಾಗದದಲ್ಲಿ ಬಿಳುಪು ಕಾಣೋವರೆಗೂ ಉಜ್ಜಬೇಕು. ಎಣ್ಣೆ ಜಿಡ್ಡು ಇದ್ರೆ ಪೊರೆ ಏಳುತ್ತೆ."

ಅವನು ಆ ಕೆಂಪು ಚೂರನ್ನು ತಿರುಗಿಸಿ ತಿರುಗಿಸಿ ನೋಡಿದ. "ಉಜ್ಜದೇ ಬಳಿಯೋಕಾಗಲ್ವಾ?"

"ಆಗಲ್ಲ."

"ಎನಾಮೆಲ್ಲು?"

"ಅದಕ್ಕೂ ಉಜ್ಜಬೇಕು."

"ಉಜ್ಜದೇ ನಿಲ್ಲೋದು ಒಂದೂ ಇಲ್ವಾ?"

ಇಲ್ಲ ಎಂದೆ. ಬರಿಗೈಯಲ್ಲಿ ಹೋದ. ಮುಂದಿನ ವಾರ ಮತ್ತೆ ಬಂದು ಅದೇ ಪ್ರಶ್ನೆ ಕೇಳಿದ. ಬೆಂಗಳೂರಿನಲ್ಲಿ ಸಿಗಬಹುದಾ ಎಂದ. ಮೈಗಳ್ಳತನ ಎಂದು ನನಗೆ ನೆತ್ತಿಗೇರಿತು. "ಅರ್ಧ ಗಂಟೆ ಕೈ ಆಡಿಸೋಕೆ ನಿನಗೆ ಬೇಜಾರು, ಸೊಸೆ ಸತ್ತರೆ ಪರವಾಗಿಲ್ಲ ಅಲ್ವಾ" ಎಂದುಬಿಟ್ಟೆ. ಅದಕ್ಕೂ ಅವನ ಮುಖ ಕದಲಲಿಲ್ಲ. ಅಷ್ಟಾದ ಮೇಲೆ ನನಗೇ ಸಮಾಧಾನವಾಗದೆ, ವಾರ್ನಿಷ್ ಡಬ್ಬ ಸೈಕಲ್ಲಿಗೆ ಕಟ್ಟಿ ಅವನ ಜೊತೆಗೇ ಹೊರಟೆ.

ಮೋಟರ್ ಮನೆಯಲ್ಲಿ ಬೋರ್ಡಿಗೆ ಟೆಸ್ಟರ್ ತಾಗಿಸಿದರೆ ಅದರ ದೀಪ ಕೆಂಪಗೆ ಉರಿಯಿತು. ತಗಡಿನ ತುಂಬ ಕರೆಂಟು. ನಾನು ತಿರುಗುವಷ್ಟರಲ್ಲಿ ಮುನಿಶಾಮಪ್ಪ ಬರಿಗಾಲಲ್ಲಿ ನಿಂತು ಬೋರ್ಡಿನ ಮೂಲೆಗೆ ಅಂಗೈ ಇಟ್ಟಿದ್ದ. ತೋಳು ಅದುರುತ್ತಿತ್ತು. ಸ್ಕ್ರೂಡ್ರೈವರಿನ ಮರದ ಹಿಡಿಯಲ್ಲಿ ಅವನ ಕೈಗೆ ಹೊಡೆದು ಬಿಡಿಸಿದೆ.

"ಬುದ್ಧಿ ಇಲ್ವಾ ನಿನಗೆ?"

"ದಿನಾ ಇಡ್ತೀನಿ. ಜುಮ್ ಅನ್ನುತ್ತೆ, ಅಷ್ಟೇ" ಎಂದ. ಅಂಗೈ ತಿಕ್ಕಿಕೊಂಡು, "ಬೇರೆ ಏನೂ ಗೊತ್ತಾಗಲ್ಲ ಪಿಳ್ಳಣ್ಣ. ಅನ್ನ ತಿಂದ್ರೂ ಗೊತ್ತಾಗಲ್ಲ. ಇದೊಂದು ಗೊತ್ತಾಗುತ್ತೆ" ಎಂದ.

ಮೇನ್ ಆಫ್ ಮಾಡಿ ಬೋರ್ಡು ನೋಡಿದೆ. ಅವನು ಕೈ ಇಟ್ಟಿದ್ದ ಕಡೆ ಕುಂಕುಮ ಹೆಪ್ಪುಗಟ್ಟಿತ್ತು, ಎಣ್ಣೆಯಲ್ಲಿ ಪದರ ಪದರವಾಗಿ ಕೂತು ಒಣಗಿದ ಏಳು ವರ್ಷದ ಕುಂಕುಮ. ಮೇಲಿನ ಪದರದಲ್ಲಿ ಬೆರಳ ತುದಿಯ ಗುರುತು ಹಾಗೇ ಇತ್ತು. ಅದರಿಂದ ದೂರ, ಕೆಳಗಡೆ ಇನ್ನೊಂದು ಸಣ್ಣ ಬೊಟ್ಟು. ಬಾಗಿಲಲ್ಲಿ ನಿಂತಿದ್ದ ಸೊಸೆ ಆದಿಲಕ್ಷ್ಮಮ್ಮ ಮೆಲ್ಲಗೆ ಹೇಳಿದಳು: "ಕೆಳಗಡೆದು ನಂದು ಅಣ್ಣ. ಮೇಲಿಂದು ಅತ್ತೆಮ್ಮಂದು. ಅದನ್ನ ಮುಟ್ಟಬೇಡ ಅಂದವ್ರೆ ಮಾವ."

ಉಜ್ಜದೇ ನಿಲ್ಲುವ ಬಣ್ಣವನ್ನು ಅವನು ಯಾಕೆ ಹುಡುಕುತ್ತಿದ್ದ ಎಂದು ಆಗ ತಿಳಿಯಿತು. ಸ್ವಿಚ್ಚಿನ ಹಿಂದೆ ತೇವಕ್ಕೆ ಕೊಳೆತ ಒಂದು ವೈರು ಸಿಕ್ಕಿತು, ಬದಲಾಯಿಸಿದೆ. ಆಮೇಲೆ ಹೊರಗೆ ಹೋಗಿ ಅರ್ತಿಂಗ್ ಗುಂಡಿ ನೋಡಿದೆ. ನೆಲ ಬಾಯಿ ಬಿಟ್ಟಿತ್ತು, ಪೈಪಿನ ಸುತ್ತ ಉಪ್ಪು ಹಕ್ಕಳೆಗಟ್ಟಿ ನಿಂತಿತ್ತು.

"ಇದಕ್ಕೆ ನೀರು ಹುಯ್ಯೋರು ಯಾರು?"

"ಅವಳು ಹುಯ್ತಿದ್ಲು" ಎಂದ ಮುನಿಶಾಮಪ್ಪ.

ಅವನು ಪೇಂಟು ಕೇಳಿ ಬಂದ ಮೊದಲ ದಿನವೇ ನಾನು ಕೇಳಬೇಕಾಗಿದ್ದ ಪ್ರಶ್ನೆ ಅದು. ಬೈಯುವ ಭರದಲ್ಲಿ ಕೇಳಿರಲಿಲ್ಲ. ಆ ವೈರು ಎಂದಿನಿಂದ ಕೊಳೆತಿತ್ತೋ. ಗುಂಡಿ ಒದ್ದೆ ಇದ್ದಷ್ಟು ದಿನ ಸೋರಿದ್ದೆಲ್ಲ ಮಣ್ಣಿಗೆ ಇಳಿದುಹೋಗುತ್ತಿತ್ತು. ಒಂದು ಕೊಡ ನೀರಿನಿಂದ ಅವಳು ಮನೆಯವರನ್ನೆಲ್ಲ ಕಾಯುತ್ತಿದ್ದಳು. ಅದನ್ನು ಅವನಿಗೆ ಹಾಗೆಯೇ ಹೇಳಿದೆ.

"ಮುನಿಶಾಮಣ್ಣ, ಇದಕ್ಕೆ ನೀರು ಹಾಕಿದ್ರೂ ಬೋರ್ಡಿಗೆ ವಾರ್ನಿಷ್ ಬೇಕೇ ಬೇಕು. ಒಂದು ದಿನ ಮರೆತರೆ ಸೊಸೆ ಗತಿ ಏನು? ಬೇಕಾದ್ರೆ ನಾನು ಉಜ್ತೀನಿ, ನೀನು ಆ ಕಡೆ ಹೋಗಿರು."

"ಬೇಡ, ನಾನೇ ಮಾಡ್ತೀನಿ" ಎಂದ.

ಒಂದು ಹರಳೆಲೆ ಕಿತ್ತು ತಂದು ಬೋರ್ಡಿನ ಕೆಳಗೆ ಹಿಡಿದು, ಉಗುರಿನಿಂದ ಕುಂಕುಮವನ್ನು ಪದರ ಪದರವಾಗಿ ಬಿಡಿಸಿದ. ಒಂದು ಚೂರೂ ನೆಲಕ್ಕೆ ಬೀಳಲಿಲ್ಲ. ಎಲೆಯಲ್ಲಿ ಅಡಿಕೆಯಷ್ಟು ಗಾತ್ರದ ಉಂಡೆಯಾಯಿತು. ಅದನ್ನು ನನ್ನ ಮುಂದೆ ಹಿಡಿದು, "ಇದನ್ನ ಪೇಂಟಿಗೆ ಕಲಸೋಕಾಗುತ್ತಾ? ಅದೂ ಕೆಂಪೇ ಅಲ್ವಾ" ಎಂದು ಕೇಳಿದ.

ಆಗುತ್ತೆ ಎಂದು ಸುಳ್ಳು ಹೇಳಲು ಮನಸ್ಸಾಯಿತು. "ಆಗಲ್ಲಣ್ಣ. ಕಲಸಿದ್ರೆ ಮತ್ತೆ ಕರೆಂಟು ಹಿಡಿಯುತ್ತೆ" ಎಂದೆ. ಸರಿ ಎಂದು ತಲೆಯಾಡಿಸಿ, ಉಪ್ಪುಕಾಗದ ತೆಗೆದುಕೊಂಡು ತಗಡು ಬೆಳ್ಳಗಾಗುವವರೆಗೂ ಉಜ್ಜಿದ. ಆಮೇಲೆ ಎಲೆ ಹಿಡಿದು ಹೊರಗೆ ಹೋದ.

"ಏನಾದ್ರೂ ಸೋರಿದ್ರೆ ಈ ದಾರೀಲೇ ತಾನೇ ಹೋಗೋದು?"

"ಹೂಂ."

ಕುಂಕುಮವನ್ನು ಗುಂಡಿಯ ಬಿರುಕಿನೊಳಗೆ ಉದುರಿಸಿದ. ಕೊಡ ತಂದು ಅದರ ಮೇಲೆ ನೀರು ಹುಯ್ದ. ಒಣ ಮಣ್ಣು ಗಟಗಟ ಕುಡಿಯಿತು. ಇನ್ನೊಂದು ಕೊಡ ತಂದ.

ಎರಡು ಕೋಟು ಬಳಿದು ಒಣಗಿಸಿ, ಮುಂದಿನ ವಾರ ಹೋಗಿ ಬಿಚ್ಚಿಟ್ಟಿದ್ದ ಸ್ವಿಚ್ಚು, ಸ್ಟಾರ್ಟರು, ಫ್ಯೂಸುಗಳನ್ನು ಮತ್ತೆ ಕೂರಿಸಿದೆ. ಟೆಸ್ಟರ್ ಉರಿಯಲಿಲ್ಲ. ಮುನಿಶಾಮಪ್ಪ ಮುಂದೆ ಬಂದು ಅದೇ ಮೂಲೆಗೆ ಅಂಗೈ ಇಟ್ಟ. ತುಂಬ ಹೊತ್ತು ಇಟ್ಟುಕೊಂಡೇ ನಿಂತಿದ್ದ.

"ಏನೂ ಇಲ್ಲ" ಎಂದ.

"ಇರಬಾರದು ಅಣ್ಣ" ಎಂದೆ.

ನನಗೆ ಅಳು ಬಂತು, ಅವನಿಗೆ ಬರಲಿಲ್ಲ. ಬೋರ್ಡಿನಿಂದ ಕೈ ತೆಗೆದು, ಮೂಲೆಯಲ್ಲಿದ್ದ ಕೊಡ ಎತ್ತಿಕೊಂಡು ಗುಂಡಿಗೆ ನೀರು ತರಲು ಹೋದ.