ಮನೆ ಬಿಟ್ಟು ಕದಲದ ಚುಕ್ಕಿ

ಮೊಬೈಲಿನಲ್ಲಿ ಮ್ಯಾಪು ಬಂದ ಹೊಸತು. ಅಪ್ಪನಿಗೆ ಆಗಲೇ ಮರೆವು ಶುರುವಾಗಿತ್ತು. ಜೋಗುಪಾಳ್ಯದ ನಮ್ಮ ಗಲ್ಲಿ ದಾಟಿ ಎತ್ತಲೋ ನಡೆದುಬಿಡುತ್ತಿದ್ದರು. ಮನೆಯಲ್ಲಿ ಕೂಡಿಹಾಕಲು ನನಗೆ ಮನಸ್ಸು ಬರಲಿಲ್ಲ. ಅದಕ್ಕೇ ಅವರ ಜೇಬಿಗೊಂದು ಫೋನ್ ಹಾಕಿ, ಅವರಿದ್ದ ಜಾಗ ನನ್ನ ಫೋನಿನ ಮ್ಯಾಪಿನಲ್ಲಿ ನೀಲಿ ಚುಕ್ಕಿಯಾಗಿ ಕಾಣುವಂತೆ ನಾನೇ ಕೂತು ಸೆಟ್ಟಿಂಗ್ ಮಾಡಿದ್ದೆ. ಅದೇನು ಜಂಬ ನನಗೆ! ಆಫೀಸಿನಲ್ಲಿ ಎಲ್ಲರಿಗೂ ತೋರಿಸಿಕೊಂಡು ತಿರುಗಿದ್ದೆ.

ಆ ದಿನ ಇಂದಿರಾನಗರದ ಆಫೀಸಿನಿಂದ ಹತ್ತು ಸಲ ನೋಡಿರಬೇಕು. ಚುಕ್ಕಿ ನಮ್ಮ ಮನೆಯ ಮೇಲೇ ಇತ್ತು. ಸದ್ಯ, ಮಲಗಿದ್ದಾರೆ ಅಂದುಕೊಂಡೆ.

ಸಂಜೆ ಬಂದರೆ ಬಾಗಿಲು ಹಾರು ಹೊಡೆದಿತ್ತು. ಹಾಲಿನಲ್ಲಿ ಫ್ಯಾನು ತಿರುಗುತ್ತಿತ್ತು. ಕರೆಯುತ್ತಾ ಒಳಗೆ ಹೋದೆ. ಮ್ಯಾಪು ತೆಗೆದೆ. ಚುಕ್ಕಿ ಇಲ್ಲೇ, ನಾನು ನಿಂತಲ್ಲೇ ಇತ್ತು. ಬಚ್ಚಲು ನೋಡಿದೆ, ಮಂಚದ ಕೆಳಗೆ ಬಗ್ಗಿದೆ, ಬೀರುವನ್ನೂ ತೆಗೆದೆ. ಅವರ ನಂಬರಿಗೆ ಮಾಡಿದೆ. ನನ್ನ ಕಿವಿಯಲ್ಲಿ ರಿಂಗಾಗುತ್ತಿತ್ತು, ಮನೆಯೊಳಗೆ ಎಲ್ಲೂ ಸದ್ದಿಲ್ಲ. ಅಪ್ಪ ಹೋಗಿದ್ದಾರೆ, ಅವರ ಬದಲು ಇನ್ನೇನೋ ಮನೆಯಲ್ಲಿ ಕೂತಿದೆ ಅನಿಸಿ ಬರಿಗಾಲಲ್ಲೇ ಬೀದಿಗೆ ಓಡಿದೆ.

ಮೂರನೇ ಸಲ ಅವರ ನಂಬರಿಗೆ ಮಾಡಿದಾಗ ಯಾರೋ ಎತ್ತಿದರು. ಸರ್ವಜ್ಞನಗರದ ಒಂದು ಬೇಕರಿಯವರು. ಹಿರಿಯರೊಬ್ಬರು ಮಧ್ಯಾಹ್ನದಿಂದ ಬೆಂಚಿನ ಮೇಲೆ ಕೂತಿದ್ದಾರೆ, ಫೋನ್ ಈಗಷ್ಟೇ ಕೈಗೆ ಕೊಟ್ಟರು ಎಂದರು. ಆಟೋ ಹತ್ತಿದೆ.

ಅಪ್ಪನ ಕಾಲು ಮೊಣಕಾಲಿನವರೆಗೂ ಧೂಳು. ಫೋನನ್ನು ಮತ್ತೆ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದರು. ಪರದೆಯ ಮೇಲೆ ಪ್ರಶ್ನೆಯೊಂದು ಎದ್ದಿತು: ಇಂಟರ್ನೆಟ್ಟಿಗೆ ಕನೆಕ್ಟ್ ಮಾಡಲೇ? ನಾನು ನೋಡುತ್ತಿದ್ದಂತೆಯೇ ಅವರ ಹೆಬ್ಬೆರಳು ‘ನೋ’ ಒತ್ತಿತು. ನನಗೆ ಆಗ ಹೊಳೆಯಿತು. ಸೆಟ್ಟಿಂಗನ್ನು ‘ಪ್ರತಿ ಸಲ ಕೇಳು’ ಅಂತಲೇ ಬಿಟ್ಟಿದ್ದೆ. ಬೆಳಿಗ್ಗೆ ಮನೆಯಲ್ಲಿ ನಾನು ‘ಎಸ್’ ಒತ್ತಿ ಹೊರಟದ್ದೇ ಕೊನೆ. ಆಮೇಲೆ ಯಾರೂ ಒತ್ತಿಲ್ಲ, ಇಂಟರ್ನೆಟ್ಟಿಲ್ಲದೆ ಚುಕ್ಕಿ ಅಲ್ಲೇ ನಿಂತಿದೆ.

ಯಾಕೆ ಬೇಡ ಅಂತೀರಿ ಎಂದು ರೇಗಿದೆ. ಅವರು ಹೊರಗಿನವರ ಜೊತೆ ಮಾತಾಡುವಷ್ಟು ಮರ್ಯಾದೆಯಿಂದ ನನ್ನ ಮುಖ ನೋಡಿದರು.

“ನನ್ ಮಗಳು ಹೇಳಿದಾಳೆ ರೀ. ಅದೇನ್ ಕೇಳಿದ್ರೂ ನೋ ಒತ್ತಿ, ಇಲ್ದಿದ್ರೆ ಕರೆನ್ಸಿ ಎಲ್ಲಾ ಹೋಗ್ಬಿಡುತ್ತೆ ಅಂತ. ಬೆಳಿಗ್ಗೆಯಿಂದ ಒಂದ್ಸಲಾನೂ ತಪ್ಪಿಲ್ಲ ನಾನು.”

ಹೌದು, ಹೇಳಿದ್ದೆ. ಆಗ ಎಲ್ಲರ ಮನೆಯಲ್ಲೂ ಹಿರಿಯರಿಗೆ ಅದೇ ಪಾಠ. ಫೋನ್ ಕೊಡಿ, ನಾನು ಇಟ್ಟುಕೊಳ್ಳುತ್ತೇನೆ ಎಂದು ಕೈ ಚಾಚಿದೆ. ಅಪ್ಪ ಅದನ್ನು ಎದೆಗೆ ಒತ್ತಿಕೊಂಡು ಹಿಂದೆ ಸರಿದರು.

“ಬೇಡಮ್ಮ. ಅವಳು ಬರೋವರ್ಗೂ ನಾನೇ ನೋಡ್ಕೋಬೇಕು.”