ದರ್ಬಾರಿನ ಕೂದಲು

ಮಾಳಮಡ್ಡಿ ಶಾಲೆಯ ನಮ್ಮ ಇತಿಹಾಸದ ಟೀಚರು ಹಳೆಯ ಯುರೋಪಿನ ಸಿರಿವಂತರ ಪೌಡರು ಮೆತ್ತಿದ ವಿಗ್ಗುಗಳ ಪಾಠ ಮಾಡುವಾಗ ತಮ್ಮ ದಪ್ಪ ಜಡೆಯನ್ನು ಹೆಗಲ ಮೇಲೆಳೆದುಕೊಂಡು ಹೇಳುತ್ತಿದ್ದರು: "ದರ್ಬಾರದಾಗ ವಿಗ್ಗು, ಮನ್ಯಾಗ ಟೊಪಿಗಿ. ಆ ಭಾರ ದಿನವಿಡೀ ಯಾರು ಹೊರ್ತಾರ?"

ಕ್ಯಾನ್ಸರ್ ಚಿಕಿತ್ಸೆ ಮುಗಿಸಿ ಅವರು ಮರಳಿದ ದಿನ ಅವರ ತಲೆಯ ಮೇಲೂ ಮಿರುಗುವ ವಿಗ್ಗಿತ್ತು. ಎಲ್ಲಿ ನೋಡಬೇಕೋ ತಿಳಿಯದೆ ನಾವು ಪುಸ್ತಕದಲ್ಲಿ ಮುಖ ಹುದುಗಿಸಿದೆವು.

"ಯಾಕ್ರೋ, ಯಾರು ಸತ್ತಾರ?" ಎಂದರು.

ಅವರು ನೆತ್ತಿ ಕೆರೆದುಕೊಂಡರು. ಆಮೇಲೆ ವಿಗ್ಗನ್ನು ಕಳಚಿ ಮೇಜಿನ ಮೇಲಿದ್ದ ಗ್ಲೋಬಿಗೆ ತೊಡಿಸಿ, ಚೀಲದಿಂದ ಹತ್ತಿಬಟ್ಟೆಯ ಟೋಪಿ ತೆಗೆದು ಹಾಕಿಕೊಂಡರು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಇಡೀ ಕ್ಲಾಸು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಟೀಚರೇ.

"ಹುಶ್ಶಪ್ಪಾ! ಈಗ ಮನಿಗೆ ಬಂದೆ ನೋಡ್ರಿ."